ಕೊನೆಯ ಸಾಲಿಗೂ ತಲುಪಬೇಕು: ಹರಿಯುವ ಬ್ಯಾಟರಿಯೊಳಗೆ ದ್ರವದ ದಾರಿ



ಈ ಸಲದ ಪಾಠ ಅಡಿಕೆಯ ಕೊಳೆರೋಗದ್ದಲ್ಲ, ಕಾಫಿಯ ಕಾಂಡಕೊರಕದ್ದೂ ಅಲ್ಲ, ಬ್ಯಾಟರಿಯದು. ತೋಟದವರಿಗೆ ಬ್ಯಾಟರಿಯ ಪಾಠ ಏತಕ್ಕೆ ಎಂದು ಪುಟ ತಿರುಗಿಸುವ ಮುನ್ನ ಸ್ವಲ್ಪ ತಾಳ್ಮೆ ಇರಲಿ ಎಂದು ಕೋರುತ್ತೇವೆ. ಸಾಲದ ಮಾತು ಇದರಲ್ಲಿ ಸೇರಿಕೊಂಡಿದೆ.

ಹೋದ ತಿಂಗಳು ತುಮಕೂರಿನ ಸದಾಶಿವನಗರದ ನಮ್ಮ ಮನೆಗೆ ಇಬ್ಬರು ಸದಸ್ಯರು ಬಂದಿದ್ದರು. ಒಬ್ಬರು ಗುಬ್ಬಿ ಕಡೆಯವರು, ಮೂರು ಎಕರೆ ಅಡಿಕೆ. ಇನ್ನೊಬ್ಬರು ಕುಣಿಗಲ್ ಕಡೆಯವರು, ತೆಂಗಿನ ನಡುವೆ ಅಡಿಕೆ ಎಬ್ಬಿಸಿದವರು. ಇಬ್ಬರೂ ಬೀಗರು. ಕೈಯಲ್ಲಿ ಬಣ್ಣಬಣ್ಣದ ಒಂದು ಕಾಗದ. "ಮೇಷ್ಟ್ರೇ, ಸಾವಿರ ಲೀಟರಿನ ಎರಡು ಟ್ಯಾಂಕಿನಲ್ಲಿ ಹಗಲಿನ ಬಿಸಿಲು ತುಂಬಿಟ್ಟು, ರಾತ್ರಿ ಐದು ಎಚ್‌ಪಿ ಮೋಟಾರು ಓಡಿಸಬಹುದಂತೆ. ಏಳೆಂಟು ಜನ ಸೇರಿ ಸಾಲ ಎತ್ತಿ ಹಾಕಿಸೋಣ ಅಂತ ಮಾತಾಗೈತೆ. ನೀವೇನಂತೀರಿ?" ಎಂದು ಗುಬ್ಬಿಯವರು ಕೇಳಿದರು.

ಅವರ ಆಸೆ ತಪ್ಪಲ್ಲ. ಪಂಪ್‌ಸೆಟ್ಟಿಗೆ ಮೂರು ಫೇಸ್ ವಿದ್ಯುತ್ತು ದಿನಕ್ಕೆ ಏಳು ಗಂಟೆ ಎಂಬುದು ನಮ್ಮ ರಾಜ್ಯದ ಲೆಕ್ಕ. ಆ ಏಳು ಗಂಟೆಯ ಪಾಳಿ ಎಷ್ಟೋ ಕಡೆ ರಾತ್ರಿಗೂ ಬೀಳುತ್ತದೆ. 2019ರ ಕೊನೆಯಿಂದ 2020ರ ಆರಂಭದವರೆಗೆ ಗುಬ್ಬಿ, ಕುಣಿಗಲ್, ತುಮಕೂರು ತಾಲ್ಲೂಕುಗಳ ಹಳ್ಳಿಗಳಲ್ಲಿ ಚಿರತೆಗೆ ಮನುಷ್ಯರು ಬಲಿಯಾದುದನ್ನು ಮರೆತವರಿಲ್ಲ. ಟಾರ್ಚು ಹಿಡಿದು ಮೋಟಾರು ಹಾಕಲು ಹೋಗುವವನ ಮನೆಯಲ್ಲಿ, ಅವನು ತಿರುಗಿ ಬರುವ ತನಕ ಯಾರಿಗೂ ನಿದ್ದೆ ಇಲ್ಲ. ಹಗಲಿಗೆ ನೋಡಿದರೆ ನಮ್ಮದೇ ಜಿಲ್ಲೆಯ ಪಾವಗಡ ತಾಲ್ಲೂಕಿನ ತಿರುಮಣಿ ಸುತ್ತಿನಲ್ಲಿ, ರೈತರಿಂದ ಗೇಣಿಗೆ ಪಡೆದ ಸುಮಾರು 13,000 ಎಕರೆಯಲ್ಲಿ, 2,050 ಮೆಗಾವ್ಯಾಟ್‌ನ ಸೌರ ಉದ್ಯಾನ ಹರಡಿಕೊಂಡಿದೆ. 2018ರ ಮಾರ್ಚಿಯಲ್ಲಿ ಉದ್ಘಾಟನೆಯಾಗಿ 2019ರ ಡಿಸೆಂಬರಿಗೆ ಪೂರ್ಣಗೊಂಡದ್ದು. ನಡುಮಧ್ಯಾಹ್ನ ಅಲ್ಲಿ ವಿದ್ಯುತ್ತಿನ ಹೊಳೆ. ಸೂರ್ಯ ಮುಳುಗಿದ ಮೇಲೆ ಹನಿಯೂ ಇಲ್ಲ. ಹಗಲಿನದನ್ನು ರಾತ್ರಿಗೆ ಹಿಡಿದಿಡುವುದು ಹೇಗೆಂಬ ಪ್ರಶ್ನೆಗೆ ಇರುವ ಉತ್ತರಗಳಲ್ಲಿ ಈ ಹರಿಯುವ ಬ್ಯಾಟರಿಯೂ ಒಂದು. ಶಾಸ್ತ್ರದ ಹೆಸರು ರೆಡಾಕ್ಸ್ ಫ್ಲೋ ಬ್ಯಾಟರಿ. ಉತ್ಕರ್ಷಣ, ಅಪಕರ್ಷಣ ಎಂದು ಶಾಲೆಯಲ್ಲಿ ಓದಿದ್ದೆವಲ್ಲ, ಅದೇ ಕ್ರಿಯೆ.

ಟ್ರ್ಯಾಕ್ಟರಿನ ಬ್ಯಾಟರಿಯಲ್ಲಿ ಶಕ್ತಿ ಇರುವುದು ಸೀಸದ ಪ್ಲೇಟುಗಳಲ್ಲಿ. ಹರಿಯುವ ಬ್ಯಾಟರಿಯಲ್ಲಿ ಶಕ್ತಿ ಇರುವುದು ದ್ರವದಲ್ಲಿ. ದ್ರವ ಎರಡು ಟ್ಯಾಂಕುಗಳಲ್ಲಿ ನಿಂತಿರುತ್ತದೆ. ಪಂಪುಗಳು ಅದನ್ನು ನಡುವಿನ ಕೋಶಗಳಿಗೆ ಒಯ್ದು ವಾಪಸು ತರುತ್ತವೆ. ಎಷ್ಟು ಎಚ್‌ಪಿ ಎಂಬುದನ್ನು ಕೋಶಗಳು ನಿರ್ಧರಿಸುತ್ತವೆ, ಎಷ್ಟು ಗಂಟೆ ಎಂಬುದನ್ನು ಟ್ಯಾಂಕು ನಿರ್ಧರಿಸುತ್ತದೆ. ಬಾವಿ ಬೇರೆ, ಮೋಟಾರು ಬೇರೆ ಇದ್ದಂತೆ.

ಈ ಜಾತಿಯ ಬ್ಯಾಟರಿಯನ್ನು 1970ರ ದಶಕದಲ್ಲಿ ಅಮೆರಿಕದ ನಾಸಾದಲ್ಲಿ ಲಾರೆನ್ಸ್ ಥಾಲರ್ ಎಂಬವರು ಕಬ್ಬಿಣ ಮತ್ತು ಕ್ರೋಮಿಯಂ ದ್ರಾವಣಗಳಿಂದ ರೂಪಿಸಿದರು. ಎರಡು ಬದಿಗೆ ಎರಡು ಲೋಹವಾದುದರಿಂದ ನಡುವಿನ ಪೊರೆ ಸ್ವಲ್ಪ ಸೋರಿದರೂ ದ್ರಾವಣಗಳು ಕಲೆತು ಕೆಡುತ್ತಿದ್ದವು. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಸಿಡ್ನಿಯ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದಲ್ಲಿ ಮರಿಯಾ ಸ್ಕೈಲಾಸ್-ಕಝಾಕೋಸ್ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು ಎರಡೂ ಬದಿಗೆ ವೆನೇಡಿಯಂ ಒಂದನ್ನೇ ಬಳಸಿ ಈ ತೊಡಕನ್ನು ಬಿಡಿಸಿದರು. ವೆನೇಡಿಯಂ ಗೋಸುಂಬೆಯಂಥ ಲೋಹ. ಗಂಧಕಾಮ್ಲದಲ್ಲಿ ಕರಗಿಸಿದರೆ ಅದು ನಾಲ್ಕು ಸ್ಥಿತಿಗಳಲ್ಲಿ ಇರಬಲ್ಲದು, ನಾಲ್ಕಕ್ಕೂ ಬೇರೆ ಬೇರೆ ಬಣ್ಣ: ನೇರಳೆ, ಹಸಿರು, ನೀಲಿ, ಹಳದಿ. ಬ್ಯಾಟರಿ ತುಂಬುವಾಗ ಒಂದು ಬದಿಯ ನೀಲಿ ಹಳದಿಯಾಗುತ್ತದೆ, ಇನ್ನೊಂದು ಬದಿಯ ಹಸಿರು ನೇರಳೆಯಾಗುತ್ತದೆ. ಖಾಲಿಯಾಗುವಾಗ ಇದರ ತಿರುವು. ಪೊರೆ ದಾಟಿ ಕಲೆತರೂ ಎರಡೂ ಕಡೆ ಅದೇ ಲೋಹವಾದುದರಿಂದ ಮತ್ತೆ ಸರಿಪಡಿಸಿಕೊಳ್ಳಬಹುದು. ಇಷ್ಟಕ್ಕೂ ವೆನೇಡಿಯಂ ನಮಗೆ ಪರದೇಶಿಯೇನಲ್ಲ. ಅಡಿಕೆಗೆ ಹೆಸರಾದ ಚನ್ನಗಿರಿ ಸೀಮೆಯ ಉಬ್ರಾಣಿ, ಮಾಸಣಿಕೆರೆ ಸುತ್ತಿನ ಕಬ್ಬಿಣದ ಅದಿರಿನಲ್ಲಿ ಟೈಟಾನಿಯಂ ಜೊತೆಗೆ ಇದೂ ಇರುವುದನ್ನು ಭೂಗರ್ಭ ಶಾಸ್ತ್ರಜ್ಞರು ಎಂದೋ ಗುರುತಿಸಿದ್ದಾರೆ.

ಕಾಗದದಲ್ಲಿದ್ದ ಎರಡು ಟ್ಯಾಂಕಿನ ಮಾತು ಸುಳ್ಳೇ ಎಂದು ಮೊದಲು ಲೆಕ್ಕ ಹಾಕಿ ನೋಡಿದೆವು. ಐದು ಎಚ್‌ಪಿ ಮೋಟಾರಿಗೆ ಸುಮಾರು 5 ಕಿಲೋವ್ಯಾಟ್ ಬೇಕು; ಏಳು ಗಂಟೆಗೆ 35 ಯೂನಿಟ್. ವೆನೇಡಿಯಂ ದ್ರಾವಣ ಲೀಟರಿಗೆ 20 ವ್ಯಾಟ್-ಗಂಟೆಯಷ್ಟು ಕೊಡುತ್ತದೆಂದು ಹಿಡಿದರೆ 1,750 ಲೀಟರು. ಬದಿಗೊಂದು ಸಾವಿರ ಲೀಟರಿನ ಟ್ಯಾಂಕು ಸಾಕು, ಸುಳ್ಳಲ್ಲ. ಒಂದು ಕೋಶದ ವೋಲ್ಟೇಜು ಒಂದೂಕಾಲು ಮಾತ್ರ. ಅದರ ಮೈ ಅಂಗಳ 1,000 ಚದರ ಸೆಂಟಿಮೀಟರು, ಅಂದರೆ ಪಕ್ಕಕ್ಕೊಂದು ಅಡಿಗಿಂತ ತುಸು ಹೆಚ್ಚು, ಇದ್ದು 100 ಆಂಪಿಯರು ಹರಿದರೆ, ಅಂಥ 40 ಕೋಶಗಳನ್ನು ಒತ್ತಾಗಿ ಜೋಡಿಸಿದಾಗ ನಮ್ಮ 5 ಕಿಲೋವ್ಯಾಟ್ ಆಗುತ್ತದೆ.

ಟ್ಯಾಂಕು ಕಣ್ಣಿಗೆ ಕಾಣುತ್ತದೆ, ಪಂಪು ಕಾಣುತ್ತದೆ. ಬ್ಯಾಟರಿ ಬಾಳುವುದೋ ಕೆಡುವುದೋ ತೀರ್ಮಾನವಾಗುವುದು ಕಾಣದ ಜಾಗದಲ್ಲಿ, ಈ ಒಂದಡಿ ಚದರದ ಕೋಶದೊಳಗೆ. ಆ ಕಾಗದದಲ್ಲಿ ಅದರ ಬಗ್ಗೆ ಒಂದು ಸಾಲೂ ಇರಲಿಲ್ಲ.

ಕೋಶದೊಳಗಿನ ಕಂಬಳಿ

ಕೋಶದ ನಡುವೆ ತೆಳು ಪೊರೆ. ಅದರ ಎರಡೂ ಬದಿಗೆ ವಿದ್ಯುದಗ್ರ, ಅಂದರೆ ಎಲೆಕ್ಟ್ರೋಡು. ಇದು ತಗಡಲ್ಲ, ಸರಳೂ ಅಲ್ಲ. ಇಂಗಾಲದ ನೂಲಿನ ಒಂದು ಕಪ್ಪು ಕಂಬಳಿ. ನಮ್ಮ ಶಿರಾ ಕಡೆಯ ಕಂಬಳಿಯ ಹಾಗೆ ನೇಯ್ದದ್ದಲ್ಲ, ಎಳೆಗಳನ್ನು ಅಡ್ಡಾದಿಡ್ಡಿ ಹಾಸಿ ಕೂಡಿಸಿದ್ದು. ದಪ್ಪ ಮೂರರಿಂದ ಆರು ಮಿಲಿಮೀಟರು. ಎಳೆಯೊಂದರ ದಪ್ಪ ಒಂದು ಮಿಲಿಮೀಟರಿನ ನೂರರಲ್ಲೊಂದು ಭಾಗ. ನಮ್ಮ ತಲೆಗೂದಲು ಇದಕ್ಕಿಂತ ಹಲವು ಪಟ್ಟು ದಪ್ಪ. ಹೊರಗಿನಿಂದ ತುಂಬಿಕೊಂಡಂತೆ ಕಂಡರೂ ಒಳಗೆ ನೂರಕ್ಕೆ ತೊಂಬತ್ತು ಪಾಲು ಬಯಲು. ದ್ರಾವಣ ಆ ಬಯಲಿನಲ್ಲಿ ಹರಿಯುತ್ತದೆ; ಎಳೆಗಳ ಮೈಯಲ್ಲಿ ಎಲೆಕ್ಟ್ರಾನುಗಳ ಕೊಡುಕೊಳೆ ನಡೆಯುತ್ತದೆ. ಕಂಬಳಿಯ ಹಿಂದೆ ಗ್ರಾಫೈಟಿನ ಹಲಗೆ; ವಿದ್ಯುತ್ತು ಅದರ ಮೂಲಕ ಮುಂದಿನ ಕೋಶಕ್ಕೆ ದಾಟುತ್ತದೆ.

ಈ ಕಂಬಳಿಯ ಯಾವ ಮೂಲೆಗೆ ಹೊಸ ದ್ರಾವಣ ಬರುವುದಿಲ್ಲವೋ ಆ ಮೂಲೆ ದಂಡ. ದಂಡವಾಗಿದ್ದರೆ ಸಾಕಿತ್ತು, ಅದು ಕೇಡನ್ನೂ ಮಾಡುತ್ತದೆ. ಅದನ್ನು ಮುಂದೆ ಹೇಳುತ್ತೇವೆ.

ಇಲ್ಲಿಗೆ ಬರುವಷ್ಟರಲ್ಲಿ ಮನೆಯಲ್ಲಿ ಕಾಫಿ ಇಳಿಯುತ್ತಿತ್ತು. ಫಿಲ್ಟರನ್ನೇ ತರಿಸಿ ಮುಂದಿಟ್ಟುಕೊಂಡೆವು. ಕಾಫಿ ಬೆಳೆಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠದ ಪೆಟ್ಟಿಗೆ ಇಲ್ಲ. ಪುಡಿ ತರಿಯಾಗಿದ್ದರೆ ಬಿಸಿನೀರು ದಡದಡನೆ ಇಳಿದುಹೋಗುತ್ತದೆ, ಡಿಕಾಕ್ಷನ್ನು ಬರಿ ಬಣ್ಣದ ನೀರು. ಪುಡಿ ತೀರ ನಯವಾಗಿ, ಮೇಲೆ ಬಿಲ್ಲೆಯನ್ನು ಬಲವಾಗಿ ಒತ್ತಿದರೆ ಬೆಳಗಿನ ಕಾಫಿ ಹತ್ತು ಗಂಟೆಗೆ. ಚಿಕೋರಿ ಹೆಚ್ಚಿದ್ದರಂತೂ ಕೇಳುವುದೇ ಬೇಡ. ಇವೆರಡಕ್ಕಿಂತ ಕೆಟ್ಟದ್ದು ಮೂರನೆಯದು: ಪುಡಿಯನ್ನು ಸಮನಾಗಿ ಹರಡದೆ ಒಂದು ಬದಿಗೆ ಸಡಿಲ ಬಿಟ್ಟರೆ ನೀರೆಲ್ಲ ಆ ಸಂದಿಯಲ್ಲೇ ಇಳಿದು, ಆಚೆ ಬದಿಯ ಪುಡಿ ಹಾಗೇ ಕೂತಿರುತ್ತದೆ. ಗಷ್ಟು ಚೆಲ್ಲುವಾಗ ನೋಡಿದ ಗೃಹಿಣಿಯರಿಗೆ ಇದು ಗೊತ್ತು. ಕೋಶದ ಕಂಬಳಿಯನ್ನು ಹಲಗೆಗಳ ನಡುವೆ ಐದರಲ್ಲೊಂದು ಪಾಲೋ ನಾಲ್ಕರಲ್ಲೊಂದು ಪಾಲೋ ಒತ್ತಿ ಕೂರಿಸುತ್ತಾರೆ. ಒತ್ತಿದಷ್ಟೂ ಎಳೆಗೂ ಹಲಗೆಗೂ ವಿದ್ಯುತ್ತಿನ ಸಂಪರ್ಕ ಚೆನ್ನು. ಒತ್ತಿದಷ್ಟೂ ದ್ರಾವಣಕ್ಕೆ ದಾರಿ ಇಕ್ಕಟ್ಟು. ಒತ್ತು ಒಂದೆಡೆ ಹೆಚ್ಚು ಒಂದೆಡೆ ಕಡಿಮೆಯಾದರೆ ಸಡಿಲ ಬದಿಯ ಪುಡಿಯ ಕಥೆಯೇ.

ಫಿಲ್ಟರಿಗೂ ಕಂಬಳಿಗೂ ನಿಯಮ ಒಂದೇ. ಫ್ರಾನ್ಸಿನ ದಿಜೋನ್ ಪಟ್ಟಣಕ್ಕೆ ಕುಡಿಯುವ ನೀರು ತಂದ ಎಂಜಿನಿಯರ್ ಹೆನ್ರಿ ಡಾರ್ಸಿ, ಮರಳು ತುಂಬಿದ ಕೊಳವೆಗಳಲ್ಲಿ ನೀರು ಇಳಿಸಿ ನೋಡಿ 1856ರಲ್ಲಿ ಪ್ರಕಟಿಸಿದ್ದು ಅದು. ಹರಿವು ಇಮ್ಮಡಿ ಬೇಕಾದರೆ ಒತ್ತಡ ಇಮ್ಮಡಿ. ದಾರಿ ಇಮ್ಮಡಿ ಉದ್ದವಾದರೂ ಒತ್ತಡ ಇಮ್ಮಡಿ. ನಮ್ಮ ಬೋರ್‌ವೆಲ್ಲಿಗೆ ಕಲ್ಲಿನ ಬಿರುಕು, ಮರಳುಗಳ ಮೂಲಕ ನೀರು ಬರುವ ಲೆಕ್ಕವನ್ನೂ ಇದರಿಂದಲೇ ಮಾಡುತ್ತಾರೆ.

ನಮ್ಮ ತೋಟದಲ್ಲಿ ಆದದ್ದು

ಇಲ್ಲಿ ನಮ್ಮದೇ ಒಂದು ಹೆಡ್ಡತನವನ್ನು ಹೇಳಿಕೊಳ್ಳಬೇಕಾಗಿದೆ. ಹಲವು ವರ್ಷದ ಹಿಂದೆ ನಮ್ಮ ತೋಟಕ್ಕೆ ಹನಿ ನೀರಾವರಿ ಹಾಕಿಸಿದಾಗ ಹಣ ಉಳಿಸಲು 12 ಎಂ.ಎಂ. ಪೈಪನ್ನೇ ಒಂದೊಂದು ಸಾಲಿನ ನಲವತ್ತು ಮರದ ಉದ್ದಕ್ಕೂ ಎಳೆಸಿದ್ದೆವು. 2017ರ ಬೇಸಿಗೆಯಲ್ಲಿ, ಸತತ ಬರದಿಂದ ಬೋರು ಸೊರಗಿದ್ದಾಗ, ತುದಿಯ ಹತ್ತು ಹನ್ನೆರಡು ಮರಗಳ ಹೆಡೆಲು ಜೋತು ಹಿಂಗಾರ ಕರಗಿತು. ಬೇಸಿಗೆಯಲ್ಲಿ ಅಡಿಕೆ ಮರವೊಂದಕ್ಕೆ ದಿನಕ್ಕೆ 16ರಿಂದ 20 ಲೀಟರ್ ಹನಿಯಲ್ಲಿ ಕೊಡಿ ಎಂಬುದು ಶಿಫಾರಸು. ನಮ್ಮ ತುದಿಯ ಮರಕ್ಕೆ ಅದರ ಅರ್ಧವೂ ಸಿಗುತ್ತಿರಲಿಲ್ಲ. ನಾವು ಮಾಡಿದ್ದೇನು? ಮೋಟಾರು ದೊಡ್ಡದು ಮಾಡಿದೆವು. ಒತ್ತಡ ಏರಿತು, ಹತ್ತಿರದ ಜಾಯಿಂಟುಗಳು ಕಿತ್ತು ಚಿಮ್ಮಿದವು, ಮೊದಲ ಸಾಲಿನ ಬುಡ ಕೆಸರಾಯಿತು. ತುದಿಗೆ ಸಿಕ್ಕಿದ್ದು ಹಿಡಿಯಷ್ಟು ಹೆಚ್ಚು. ಕೊನೆಗೆ ಪೈಪು ಕೂಡಿಸುವ ಒಬ್ಬ ಮುದುಕ ಬಂದು, ಬೀಡಿ ಸೇದುತ್ತ ತೋಟ ಸುತ್ತಿ, ಸಬ್‌ಮೈನನ್ನು ತೋಟದ ತಲೆಯಿಂದ ಕಿತ್ತು ನಟ್ಟನಡುವೆ ಹಾಕಿಸಿದ. ನಲವತ್ತು ಮರದ ಸಾಲು ಇಪ್ಪತ್ತು ಇಪ್ಪತ್ತಾಗಿ ಎರಡು ಕಡೆಗೆ ಒಡೆಯಿತು. ಪೈಪಿನ ಉದ್ದ ಅರ್ಧ, ಅದರಲ್ಲಿ ಹರಿಯುವ ನೀರೂ ಅರ್ಧ. ಪೈಪಿನ ಉಜ್ಜಿಗೆ ತಿಂದುಹೋಗುತ್ತಿದ್ದ ಒತ್ತಡ ಸುಮಾರು ಏಳರಲ್ಲೊಂದು ಪಾಲಿಗೆ ಇಳಿಯಿತು. ಹಳೆಯ ಮೋಟಾರೇ ಸಾಕಾಯಿತು. ಹೊಸ ಮೋಟಾರು ಇಂದಿಗೂ ಕೊಟ್ಟಿಗೆಯಲ್ಲಿದೆ.

ಬ್ಯಾಟರಿ ಕೋಶವನ್ನು ರೂಪಿಸುವವರ ತಲೆನೋವು ಇದರದೇ ಅಣ್ಣ. ಕಂಬಳಿಯ ಒಂದು ಅಂಚಿನಿಂದ ದ್ರಾವಣ ತಳ್ಳಿ ಇನ್ನೊಂದು ಅಂಚಿನಲ್ಲಿ ತೆಗೆಯುವುದು ಎಲ್ಲಕ್ಕಿಂತ ಸರಳವಾದ ಏರ್ಪಾಡು. ನಾವು ಇದನ್ನು ಹಾಯಿನೀರು ಎಂದುಕೊಳ್ಳೋಣ. ಸಣ್ಣ ಕೋಶಕ್ಕೆ ಸರಿ. ಪ್ರಯೋಗಶಾಲೆಯಲ್ಲಿ ಅಂಗೈಯಗಲದ ಕೋಶ ಸೊಗಸಾಗಿ ನಡೆಯುತ್ತದೆ. ಅದನ್ನೇ ಹರಿವಿನ ದಿಕ್ಕಿನಲ್ಲಿ ಇಮ್ಮಡಿ ಉದ್ದ ಮಾಡಿ ನೋಡಿ. ಮೈ ಇಮ್ಮಡಿಯಾದುದರಿಂದ ದ್ರಾವಣ ಇಮ್ಮಡಿ ಬೇಕು, ದಾರಿಯೂ ಇಮ್ಮಡಿ. ಡಾರ್ಸಿಯ ನಿಯಮದಂತೆ ಒತ್ತಡ ನಾಲ್ಮಡಿ. ಪಂಪಿನ ಶ್ರಮವೆಂದರೆ ಒತ್ತಡವನ್ನು ಹರಿವಿನಿಂದ ಗುಣಿಸಿದ್ದು, ನಾಲ್ಕೆರಡಲ ಎಂಟು. ಕೋಶ ಕೊಡುವ ವಿದ್ಯುತ್ತು ಎರಡು ಪಟ್ಟಾದರೆ ಅದರ ಪಂಪು ತಿನ್ನುವುದು ಎಂಟು ಪಟ್ಟು. ಸಣ್ಣದರಲ್ಲಿ ನಡೆದದ್ದು ದೊಡ್ಡದರಲ್ಲಿ ನಡೆಯದಿರುವುದಕ್ಕೆ ಈ ಎಂಟೇ ಕಾರಣ. ಹಾಗಾಗಿ ಹಾಯಿನೀರಿನ ಕೋಶವನ್ನು ದೊಡ್ಡದು ಮಾಡುವವರು ಅಗಲಕ್ಕೆ ಬೆಳೆಸುತ್ತಾರೆ, ಹರಿವಿನ ಉದ್ದವನ್ನು ಗಿಡ್ಡ ಇಡುತ್ತಾರೆ. ಅಗಲ ಹೆಚ್ಚಿದರೆ ಅಗಲದ ಉದ್ದಕ್ಕೂ ಸಮನಾಗಿ ಹಂಚುವ ಬಾಯಿಗಾಲುವೆ ಬೇಕು. ಅದು ಬೇರೆ ರಗಳೆ.

ಎರಡನೆಯದು ಹಾವಿನ ನಡೆ. ಕಂಬಳಿಯ ಹಿಂದಿನ ಗ್ರಾಫೈಟ್ ಹಲಗೆಯಲ್ಲಿ ಒಂದೇ ಕಾಲುವೆಯನ್ನು ಎಡಕ್ಕೆ ಬಲಕ್ಕೆ ಹಾವಿನಂತೆ ಕೊರೆಯುತ್ತಾರೆ. ದ್ರಾವಣ ಬಹುಪಾಲು ಕಾಲುವೆಯಲ್ಲೇ ಸಾಗುತ್ತದೆ. ಆದರೆ ಮೇಲಿನ ಮಡಿಕೆಯಲ್ಲಿ ಒತ್ತಡ ಹೆಚ್ಚು, ಕೆಳಗಿನ ಮಡಿಕೆಯಲ್ಲಿ ಕಡಿಮೆಯಾದ್ದರಿಂದ, ನಡುವಿನ ಬದುವಿನಡಿ ಕಂಬಳಿಯನ್ನು ತೂರಿ ಅಡ್ಡದಾರಿ ಹಿಡಿಯುವ ದ್ರಾವಣವೂ ಸಾಕಷ್ಟು. ಕೆಲಸ ಮಾಡುವುದು ಮುಖ್ಯವಾಗಿ ಈ ಅಡ್ಡದಾರಿಯದೇ. ಒಂದೇ ದಾರಿಯಾದುದರಿಂದ ಗಾಳಿಗುಳ್ಳೆ ಕೂತರೂ ಹಿಂದಿನ ಒತ್ತಡ ಅದನ್ನು ತಳ್ಳಿಹಾಕುತ್ತದೆ. ಕೋಶ ದೊಡ್ಡದಾದಂತೆ ಹಾವು ಮೈಲುದ್ದವಾಗುವುದೇ ಇದರ ದೋಷ. ಆಗ ಒಂದು ಹಾವಿನ ಬದಲು ಪಕ್ಕಪಕ್ಕದಲ್ಲಿ ನಾಲ್ಕಾರು ಹಾವುಗಳನ್ನು ಬಿಡುತ್ತಾರೆ.

ಮೂರನೆಯದು ಅಡಿಕೆ ತೋಟದವರಿಗೆ ನೋಡಿದೊಡನೆ ಅರ್ಥವಾಗುವಂಥದು. ನೀರು ತರುವ ಕಾಲುವೆ ಒಂದು, ಅದರ ಪಕ್ಕದ್ದು ಬಸಿಗಾಲುವೆ, ಮತ್ತೆ ನೀರಿನ ಕಾಲುವೆ, ಮತ್ತೆ ಬಸಿಗಾಲುವೆ. ಎರಡು ಬಾಚಣಿಗೆಗಳ ಹಲ್ಲುಗಳನ್ನು ಒಂದರೊಳಗೊಂದು ಹೊಗಿಸಿದಂತೆ. ನೀರಿನ ಕಾಲುವೆಯ ತುದಿ ಮುಚ್ಚಿದೆ, ಹೊರಗೆ ಹೋಗಲು ಬಾಯಿಲ್ಲ. ಆದುದರಿಂದ ದ್ರಾವಣ ಬದುವಿನಡಿಯ ಕಂಬಳಿಯಲ್ಲಿ ಇಂಗಿ ಪಕ್ಕದ ಬಸಿಗಾಲುವೆಗೆ ಬರಲೇಬೇಕು. ಹಾಯಿನೀರಿನಲ್ಲಿ ಕಂಬಳಿಯೊಳಗೆ ಒಂದಡಿ ನಡೆಯಬೇಕಿದ್ದ ದ್ರಾವಣ ಇಲ್ಲಿ ಕೆಲವೇ ಮಿಲಿಮೀಟರು ನಡೆದರೆ ಆಯಿತು. ಒತ್ತಡದ ಉಳಿತಾಯ ಬಹಳ. ನಮ್ಮ ಮುದುಕ ಸಬ್‌ಮೈನನ್ನು ನಡುವಿಗೆ ತಂದದ್ದನ್ನೇ ಇಲ್ಲಿ ನೂರಾರು ಸಲ ಮಾಡಿದಂತಾಯಿತು. ಆದರೆ ಇದರಲ್ಲಿ ಒಂದು ಹಲ್ಲಿನ ಬಾಯಿಗೆ ಕಸ ಕೂತರೆ ಆ ಹಲ್ಲಿನ ಇಡೀ ಪಾತಿ ಒಣಗುತ್ತದೆ, ಡ್ರಿಪ್ಪರು ಕಟ್ಟಿಕೊಂಡಂತೆ. ತಳ್ಳಿಹಾಕುವವರಿಲ್ಲ, ಏಕೆಂದರೆ ದ್ರಾವಣಕ್ಕೆ ಬೇರೆ ಹಲ್ಲುಗಳ ದಾರಿ ತೆರೆದಿದೆ.

ಯಾವುದು ಮೇಲು ಎಂದು ಕೇಳಿದರೆ, ಕಂಬಳಿಯನ್ನು ನೋಡಿ ಹೇಳಬೇಕು. ದಪ್ಪ ಕಂಬಳಿಯೊಳಗೆ ಬಯಲು ಹೆಚ್ಚು. ಅದಕ್ಕೆ ಹಾಯಿನೀರು ನಡೆಯುತ್ತದೆ, ಮಾರುಕಟ್ಟೆಯ ದೊಡ್ಡ ಬ್ಯಾಟರಿಗಳಲ್ಲಿ ಇದು ಸಾಮಾನ್ಯ. ಕಾಗದದಷ್ಟು ತೆಳುವಾದ ಇಂಗಾಲದ ಹಾಳೆಯ ಉದ್ದಕ್ಕೂ ದ್ರಾವಣ ತಳ್ಳುವುದು ಆಗದ ಮಾತು. ಅದಕ್ಕೆ ಕಾಲುವೆ ಬೇಕೇ ಬೇಕು. 2012ರಲ್ಲಿ ಅಮೆರಿಕದ ಟೆನೆಸ್ಸೀ ವಿಶ್ವವಿದ್ಯಾಲಯದವರು ಅಂಥ ತೆಳು ಹಾಳೆಯನ್ನು ಪೊರೆಗೆ ಒತ್ತಿ, ಹಿಂದೆ ಹಾವಿನ ಕಾಲುವೆ ಇಟ್ಟು, ಅದೇ ಮೈ ಅಂಗಳದಿಂದ ಹಿಂದಿನದಕ್ಕಿಂತ ಬಹಳ ಹೆಚ್ಚು ಶಕ್ತಿ ತೆಗೆದು ತೋರಿಸಿದರು. ನಮ್ಮ ನೆರೆಯ ಮದರಾಸಿನ ಐಐಟಿಯಲ್ಲಿ ಪ್ರೊಫೆಸರ್ ಶ್ರೀನಿವಾಸ್ ಜಯಂತಿಯವರ ತಂಡ ಈ ಕಾಲುವೆಗಳ ಅಗಲ, ಆಳ, ಬದುವಿನ ಅಳತೆಗಳನ್ನು ಬದಲಿಸಿ, ದೊಡ್ಡ ಕೋಶಗಳ ಮೇಲೆಯೇ ಪರೀಕ್ಷೆ ನಡೆಸಿದೆ. ದೊಡ್ಡದರ ಮೇಲೆ ಪರೀಕ್ಷೆ ಮಾಡುವುದರ ಬೆಲೆ ಏನೆಂಬುದು ಮೇಲಿನ ಎಂಟರ ಲೆಕ್ಕ ತಿಳಿದವರಿಗೆ ಬೇರೆ ಹೇಳಬೇಕಾಗಿಲ್ಲ.

ಪಂಪು ಜೋರು ಮಾಡಿದರೆ?

"ಅಷ್ಟೆಲ್ಲ ಯಾಕೆ ಮೇಷ್ಟ್ರೇ, ಪಂಪು ಸ್ವಲ್ಪ ಜೋರು ಮಾಡಿದರೆ ಆಗದಾ?" ಎಂದರು ಕುಣಿಗಲಿನವರು. ನಾವು 2017ರಲ್ಲಿ ಮಾಡಿದ್ದ ಯೋಚನೆಯೇ.

ನಮ್ಮ 40 ಕೋಶಗಳ ಬ್ಯಾಟರಿಗೆ ಲೆಕ್ಕ ಹೀಗಿದೆ. 100 ಆಂಪಿಯರು ತೆಗೆಯಲು ಪ್ರತಿ ಕೋಶಕ್ಕೆ, ದ್ರಾವಣ ಪೂರ್ತಿ ತುಂಬಿರುವಾಗ, ನಿಮಿಷಕ್ಕೆ 40 ಮಿಲಿಲೀಟರು ಬಂದರೂ ಸಿದ್ಧಾಂತದಲ್ಲಿ ಸಾಕು. ಬ್ಯಾಟರಿ ಇಳಿಯುತ್ತ ಐದರಲ್ಲೊಂದು ಪಾಲು ಮಾತ್ರ ಉಳಿದಾಗ ಅದರ ಐದು ಪಟ್ಟು ಬೇಕು, ಏಕೆಂದರೆ ಬರುವ ದ್ರಾವಣದಲ್ಲಿ ಸತ್ವವೇ ಕಡಿಮೆ. ಎಲ್ಲ ಮೂಲೆಗೂ ಮುಟ್ಟಲೆಂದು ಇನ್ನೂ ಮೂರು ಪಟ್ಟು ಹಿಡಿದರೆ 40 ಕೋಶಕ್ಕೆ ನಿಮಿಷಕ್ಕೆ ಸುಮಾರು 24 ಲೀಟರು, ಬದಿಗೆ. ಒತ್ತಡ ಒಂದು ಕೆ.ಜಿ. ಎಂದಿಟ್ಟುಕೊಂಡು, ಇಂಥ ಸಣ್ಣ ಪಂಪುಗಳ ದಕ್ಷತೆ ಕಡಿಮೆಯೆಂಬುದನ್ನೂ ಸೇರಿಸಿದರೆ, ಎರಡು ಪಂಪು ಕೂಡಿ 250 ವ್ಯಾಟ್ ತಿನ್ನುತ್ತವೆ. ಬ್ಯಾಟರಿ ಕೊಡುವುದರ ಇಪ್ಪತ್ತರಲ್ಲೊಂದು ಪಾಲು, ಒಪ್ಪಬಹುದು. ಈಗ ಹರಿವನ್ನು ಇಮ್ಮಡಿ ಮಾಡಿ. ಒತ್ತಡ ಎರಡು ಕೆ.ಜಿ., ಶ್ರಮ ನಾಲ್ಮಡಿ, 1,000 ವ್ಯಾಟ್. ಐದರಲ್ಲೊಂದು ಪಾಲನ್ನು ಮನೆಯ ಆಳೇ ತಿಂದಂತಾಯಿತು.

ಸಿಕ್ಕುವ ಲಾಭವೋ? ಪ್ರತಿ ಎಳೆಯ ಮೈಗೂ ಒಂದು ನಿಂತ ದ್ರಾವಣದ ಪದರ ಅಂಟಿರುತ್ತದೆ, ಹೊಳೆಯ ನಡುವಿನ ಕಲ್ಲಿಗೆ ಪಾಚಿ ಅಂಟಿದಂತೆ. ಸತ್ವ ಆ ಪದರವನ್ನು ತೂರಿ ಎಳೆಯನ್ನು ಮುಟ್ಟಬೇಕು. ಹರಿವು ಜೋರಾದರೆ ಪದರ ತೆಳುವಾಗುತ್ತದೆ ನಿಜ, ಆದರೆ ಹರಿವು ಇಮ್ಮಡಿಯಾದರೆ ಲಾಭ ಇಮ್ಮಡಿಯಾಗದು. ಹೀಗಾಗಿ ತಿಳಿದವರು ಪಂಪನ್ನು ಒಂದೇ ವೇಗದಲ್ಲಿ ಓಡಿಸುವುದಿಲ್ಲ. ಬ್ಯಾಟರಿ ತುಂಬಿದ್ದಾಗ ನಿಧಾನ, ಇಳಿದಂತೆ ಜೋರು. ಬ್ಯಾಟರಿ ತುಂಬುವಾಗ ಇದರ ತಿರುವು.

ಇನ್ನೊಂದು ಸಂಗತಿ. ಅಂಚಿನಿಂದ ಒಳಬಂದ ದ್ರಾವಣದ ಸತ್ವವನ್ನು ಮೊದಲ ಎಳೆಗಳು ಹೀರಿಕೊಂಡಿರುತ್ತವೆ. ತುದಿಗೆ ಹೋಗುವುದು ಮೇಲಿನವರು ಕುಡಿದು ಉಳಿದದ್ದು. ಹೇಮಾವತಿ ನಾಲೆಯ ಹಾಗೆ, ಎಂದು ಬಾಯಿತಪ್ಪಿ ಅಂದೆವು. ಗುಬ್ಬಿಯವರ ಮುಂದೆ ಕುಣಿಗಲಿನವರನ್ನು ಕೂರಿಸಿಕೊಂಡು ನಾಲೆಯ ಮಾತೆತ್ತಿದರೆ ಏನಾಗುತ್ತದೆಂದು ವಾಚಕರಿಗೆ ಗೊತ್ತು. ಬೀಗರ ನಡುವೆ ಬಿಸಿ ಏರುವ ಮುನ್ನ ಇನ್ನೊಂದು ಸುತ್ತು ಕಾಫಿ ತರಿಸಿದೆವು.

ಸತ್ತ ಮೂಲೆಯ ಕೇಡು

ಬ್ಯಾಟರಿ ತುಂಬುವಾಗ ಹೊರಗಿನ ವಿದ್ಯುತ್ತು ಕಂಬಳಿಯ ಎಲ್ಲ ಕಡೆಯೂ ಒಂದೇ ಸಮ ತಳ್ಳುತ್ತದೆ. ಒಂದು ಮೂಲೆಗೆ ಹೊಸ ದ್ರಾವಣ ಬರದಿದ್ದರೆ ಅಲ್ಲಿ ಮಾರ್ಪಡಲು ವೆನೇಡಿಯಂ ಉಳಿದಿರುವುದಿಲ್ಲ. ಆಗ ವಿದ್ಯುತ್ತು ಕೈಗೆ ಸಿಕ್ಕಿದ್ದರ ಮೇಲೆ ಕೆಲಸ ಮಾಡುತ್ತದೆ. ಋಣ ಬದಿಯಲ್ಲಿ ನೀರಿನ ಅಂಶ ಒಡೆದು ಜಲಜನಕ ಏಳುತ್ತದೆ. ಧನ ಬದಿಯಲ್ಲಿ ಆಮ್ಲಜನಕ ಏಳುವುದಲ್ಲದೆ ಇಂಗಾಲದ ಎಳೆಗಳೇ ಸವೆದು ಹೋಗುತ್ತವೆ. ಎದ್ದ ಗುಳ್ಳೆಗಳು ಕಂಬಳಿಯ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತವೆ. ಗುಳ್ಳೆ ಇರುವಲ್ಲಿ ದ್ರಾವಣ ಹೋಗದು, ಸತ್ತ ಮೂಲೆ ದೊಡ್ಡದಾಗುತ್ತದೆ, ಮತ್ತಷ್ಟು ಗುಳ್ಳೆ. ಅಡಿಕೆಯ ಅಣಬೆರೋಗ ಬುಡದಿಂದ ಬುಡಕ್ಕೆ ಹಬ್ಬಿದಂತೆ.

ಹೊಸ ಕಂಬಳಿಗೆ ಇನ್ನೊಂದು ಚಾಳಿ ಇದೆ. ಒಣಗಿದ ತೆಂಗಿನ ನಾರುಪುಡಿಯ ಮೇಲೆ ನೀರು ಹುಯ್ದರೆ ಮೊದಲಿಗೆ ಹೀರದೆ ಉರುಳಿಹೋಗುವುದಲ್ಲ, ಹಾಗೆ ಇದೂ ದ್ರಾವಣವನ್ನು ಹತ್ತಿರ ಸೇರಿಸದು. ಅದಕ್ಕಾಗಿ ಕಂಬಳಿಯನ್ನು ಗಾಳಿಯಲ್ಲಿ ಸುಮಾರು 400 ಡಿಗ್ರಿ ಶಾಖದಲ್ಲಿ ಹಲವು ಗಂಟೆ ಇಟ್ಟು ಹದ ಮಾಡುತ್ತಾರೆ. ಈ ಹದ ಮಾಡದ ಕಂಬಳಿಗೆ ಎಂಥ ಕಾಲುವೆ ಕೊರೆದರೂ ವ್ಯರ್ಥ.

ಬೇಸಿಗೆಯ ಶಾಖವೂ ಶತ್ರು. ತುಂಬಿದ ಹಳದಿ ದ್ರಾವಣ 40 ಡಿಗ್ರಿ ಮೀರಿ ಬಹಳ ಹೊತ್ತು ಇದ್ದರೆ ಅದರಿಂದ ವೆನೇಡಿಯಂ ಗಸಿಯಾಗಿ ಬೇರ್ಪಡಬಹುದು. ಗಸಿ ಮೊದಲು ಕೂರುವುದು ಎಲ್ಲಿ? ಹರಿವು ಮಂದವಾದಲ್ಲಿ. ಪಾವಗಡದ ಏಪ್ರಿಲಿನಲ್ಲಿ ಇಂಥ ಟ್ಯಾಂಕನ್ನು ಬಿಸಿಲಿಗೆ ಬಿಟ್ಟರೆ ಏನಾದೀತೆಂದು ಊಹಿಸಿಕೊಳ್ಳಿ.

ಹಾಗಾದರೆ ಕೋಶಗಳಿಗೆ ದ್ರಾವಣ ಹಂಚುವ ಬಾಯಿಗಳನ್ನೆಲ್ಲ ಅಗಲ ಮಾಡಿಬಿಟ್ಟರೆ? ಅದಕ್ಕೂ ಅಡ್ಡಿ ಇದೆ. ದ್ರಾವಣವೇ ವಿದ್ಯುತ್ ವಾಹಕ. ನಲವತ್ತು ಕೋಶಗಳೂ ಒಂದೇ ಮುಖ್ಯ ಕೊಳವೆಯಿಂದ ದ್ರಾವಣ ಕುಡಿಯುವುದರಿಂದ ಆ ಕೊಳವೆಯ ಮೂಲಕವೇ ಕೋಶದಿಂದ ಕೋಶಕ್ಕೆ ವಿದ್ಯುತ್ತು ಕದ್ದು ಹರಿಯುತ್ತದೆ. ಬಾಯಿ ಸಣ್ಣದಾಗಿ ದಾರಿ ಉದ್ದವಾದರೆ ಕಳವು ಕಡಿಮೆ, ಪಂಪಿಗೆ ಕಷ್ಟ. ಅಗಲವಾಗಿ ಗಿಡ್ಡವಾದರೆ ಪಂಪಿಗೆ ಸುಖ, ಕಳವು ಹೆಚ್ಚು. ಇಂಥ ಹಗ್ಗಜಗ್ಗಾಟದಿಂದಾಗಿಯೇ ಎಂಜಿನಿಯರುಗಳು ಐವತ್ತು ವರ್ಷವಾದರೂ ಈ ಒಂದಡಿ ಚದರವನ್ನು ಬಿಟ್ಟು ಎದ್ದಿಲ್ಲ.

ಸಾಲದ ಮಾತು

ದೊಡ್ಡ ಪ್ರಮಾಣದಲ್ಲಿ ಈ ಬ್ಯಾಟರಿ ನಡೆಯುತ್ತಿದೆ, ಅದರಲ್ಲಿ ಅನುಮಾನವಿಲ್ಲ. ಚೀನಾದ ದಾಲಿಯನ್‌ನಲ್ಲಿ 100 ಮೆಗಾವ್ಯಾಟ್ ಶಕ್ತಿಯ, 400 ಮೆಗಾವ್ಯಾಟ್-ಗಂಟೆ ಹಿಡಿಸುವ ವೆನೇಡಿಯಂ ಬ್ಯಾಟರಿ 2022ರಲ್ಲಿ ಶುರುವಾಯಿತು. ನಮ್ಮ ದೇಶದಲ್ಲಿ ಎನ್‌ಟಿಪಿಸಿಯವರು ಗ್ರೇಟರ್ ನೋಯ್ಡಾದ ತಮ್ಮ ಸಂಶೋಧನಾ ಕೇಂದ್ರದಲ್ಲಿ 3 ಮೆಗಾವ್ಯಾಟ್-ಗಂಟೆಯದನ್ನು 2025ರ ನವೆಂಬರಿನಲ್ಲಿ ಉದ್ಘಾಟಿಸಿದರು. ನಮ್ಮ ಲೆಕ್ಕದಲ್ಲಿ ಅದು 85 ಪಂಪ್‌ಸೆಟ್ಟುಗಳ ಒಂದು ರಾತ್ರಿ.

ಆದರೆ ಬೀಗರಿಬ್ಬರಿಗೂ ನಾವು ಹೇಳಿದ್ದು, ತೋಟಕ್ಕೆ ನೀರು ಹಾಯಿಸಲು ಈ ಸಾಲ ಬೇಡ ಎಂದು. ಬ್ಯಾಟರಿಗೆ ನೂರು ಯೂನಿಟ್ ತುಂಬಿದರೆ ಕೈಗೆ ಬರುವುದು ಎಪ್ಪತ್ತರ ಆಸುಪಾಸು. ರಾತ್ರಿ 35 ಯೂನಿಟ್ ಬೇಕಾದರೆ ಹಗಲು 50 ತುಂಬಬೇಕು; ಕಿಲೋವ್ಯಾಟಿಗೆ ದಿನಕ್ಕೆ ನಾಲ್ಕು ಯೂನಿಟ್ಟಿನಂತೆ 12 ಕಿಲೋವ್ಯಾಟಿಗೂ ಮೇಲ್ಪಟ್ಟ ಸೌರಫಲಕ ಬೇಕು. ಅದೇ ಐದು ಎಚ್‌ಪಿ ಸೌರಪಂಪಿಗೆ 5 ಕಿಲೋವ್ಯಾಟ್ ಫಲಕ ಹಾಕಿ ಹಗಲಲ್ಲೇ ಎತ್ತಿ ಕೃಷಿಹೊಂಡಕ್ಕೆ ಬಿಟ್ಟರೆ ನೀರೇ ಬ್ಯಾಟರಿ. ಅದಕ್ಕೆ ಕಂಬಳಿಯೂ ಬೇಡ, ಗಂಧಕಾಮ್ಲವೂ ಬೇಡ, ರಾತ್ರಿ ಟಾರ್ಚೂ ಬೇಡ. ನೀರನ್ನು ಕೂಡಿಡಬಹುದಾದ ಕಡೆ ವಿದ್ಯುತ್ತನ್ನು ಕೂಡಿಡುವುದು ದುಬಾರಿ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಕೂಡಿಡಲಾಗದ ಕೆಲಸಗಳ ಮಾತು ಬೇರೆ. ಕೊಯ್ದ ಕಾಫಿ ಹಣ್ಣನ್ನು ಅದೇ ದಿನ ಪಲ್ಪರಿಗೆ ಹಾಕಬೇಕು, ಆಳುಗಳು ಕೊಯ್ಲು ಮುಗಿಸಿ ಹಣ್ಣು ಕಣಕ್ಕೆ ಬರುವಷ್ಟರಲ್ಲಿ ಕತ್ತಲು. ಅಂಥ ಕೆಲಸ ಸಂಘದ ಮಟ್ಟದಲ್ಲಿ, ಒಂದು ಕಡೆ, ನೋಡಿಕೊಳ್ಳುವ ಜನ ಇಟ್ಟುಕೊಂಡು ನಡೆಯುವುದಾದರೆ ಹರಿಯುವ ಬ್ಯಾಟರಿಯನ್ನು ವಿಚಾರಿಸಬಹುದು. ವಿಚಾರಿಸುವಾಗ ಟ್ಯಾಂಕಿನ ಬಣ್ಣ ನೋಡಿ ಮರುಳಾಗಬೇಡಿ. ಕೋಶದೊಳಗೆ ದ್ರಾವಣ ಯಾವ ದಾರಿಯಲ್ಲಿ ಹೋಗುತ್ತದೆ, ನಕ್ಷೆ ತೋರಿಸಿ ಎಂದು ಕೇಳಿ. ಪೂರ್ತಿ ಹೊರೆಯಲ್ಲಿ ಒಳಬಾಯಿಗೂ ಹೊರಬಾಯಿಗೂ ಒತ್ತಡದ ವ್ಯತ್ಯಾಸ ಎಷ್ಟು, ಹೇಳುತ್ತಿರುವ ದಕ್ಷತೆಯಲ್ಲಿ ಪಂಪು ತಿನ್ನುವುದನ್ನು ಕಳೆದಿದ್ದಾರೆಯೇ ಎಂದು ಕೇಳಿ. ಎಲ್ಲಕ್ಕಿಂತ ಮುಖ್ಯವಾಗಿ, ಬ್ಯಾಟರಿ ಇಳಿದು ಕೊನೆಗೆ ಬಂದಾಗ ನಲವತ್ತೂ ಕೋಶಗಳ ವೋಲ್ಟೇಜನ್ನು ಒಂದೊಂದಾಗಿ ಅಳೆದು ತೋರಿಸಲು ಹೇಳಿ. ಒಟ್ಟು ವೋಲ್ಟೇಜು ಸರಿಯಿದ್ದರೂ ಯಾವುದೋ ಒಂದು ಕೋಶ ಉಳಿದವುಗಳಿಗಿಂತ ಬೇಗ ಕುಸಿಯುತ್ತಿದ್ದರೆ ಸತ್ತ ಮೂಲೆ ಇರುವುದು ಅಲ್ಲಿ. ಇದನ್ನು ಅಳೆಯಲು ಒಪ್ಪದವರಿಗೆ ಮುಂಗಡ ಕೊಡಬೇಡಿ.

ಬೀಗರು ಹೊರಡುವಾಗ, ಬ್ಯಾಟರಿ ಹಾಗಿರಲಿ, ಮೊದಲು ನಿಮ್ಮ ತೋಟದ ಮೊದಲ ಡ್ರಿಪ್ಪರಿನಡಿ ಒಂದು ಚೊಂಬು, ಕೊನೆಯದರಡಿ ಒಂದು ಚೊಂಬು ಇಟ್ಟು ಕಾಲು ಗಂಟೆ ಬಿಟ್ಟು ಅಳೆಯಿರಿ ಎಂದು ಹೇಳಿ ಕಳಿಸಿದೆವು. ವಾರದ ಮೇಲೆ ಗುಬ್ಬಿಯವರ ಫೋನು ಬಂತು. ಮೊದಲನೆಯದರಲ್ಲಿ ಒಂದು ಲೀಟರು, ಕೊನೆಯದರಲ್ಲಿ ಅರ್ಧ. ಬರುವ ಭಾನುವಾರ ಸಬ್‌ಮೈನು ಸರಿಸುತ್ತಾರಂತೆ. ಗುದ್ದಲಿ ಹಿಡಿಯಲು ಕುಣಿಗಲಿನ ಬೀಗರೂ ಬರುತ್ತಿದ್ದಾರೆ.